ಅಂಗಿ ಗುಂಡಿಯಷ್ಟು ಸಂದು

ನಮ್ಮ ಅತ್ತಿಗೆ ಸಿಟ್ಟು ಬಂದರೆ ಕೂಗಾಡುವವರಲ್ಲ. ಹುಲ್ಲು ಕೊಯ್ಯುವ ಯಂತ್ರವನ್ನು ತೊಳೆಯುತ್ತಾರೆ. ತೋಳು ಮಡಚಿ, ನೀರಿನ ಪೈಪು ಹಿಡಿದು, ಚಕ್ರದ ಸಂದಿಯಲ್ಲಿ ಕಚ್ಚಿಕೊಂಡ ಕಡ್ಡಿಯನ್ನೂ ಬಿಡದೆ ಕಿತ್ತು, ಹಳೆಯ ಬನಿಯನ್ನಿನಿಂದ ಒರೆಸುತ್ತಾರೆ. ಆ ಬನಿಯನ್ನು ಯಾರದು ಎಂದು ಬೇರೆ ಹೇಳಬೇಕಾಗಿಲ್ಲ. ಅಣ್ಣ ಏನಾದರೂ ಎಡವಟ್ಟು ಮಾತಾಡಿದ ದಿನ ನಮ್ಮ ಶೆಡ್ಡಿನ ಮುಂದೆ ಕೆಸರೋ ಕೆಸರು. ಸುತ್ತಮುತ್ತಲಿನವರ ಯಂತ್ರಗಳೆಲ್ಲ ತುಕ್ಕು ಹಿಡಿದಿರುವಾಗ ನಮ್ಮದು ಮಾತ್ರ ಈಗಷ್ಟೇ ಅಂಗಡಿಯಿಂದ ಇಳಿಸಿದಂತೆ ಫಳಫಳ ಹೊಳೆಯುತ್ತದೆ ಎಂದರೆ ಅದರ ಶ್ರೇಯಸ್ಸೆಲ್ಲ ಅಣ್ಣನ ಬಾಯಿಗೇ ಸಲ್ಲಬೇಕು.

ನಾನು ಆ ಅಣ್ಣನ ತಮ್ಮ. ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತೇನೆ. ಒಣಗಿದ ಹುಲ್ಲನ್ನು ಪಿಂಡಿ ಕಟ್ಟುವುದು, ಲಾರಿಗೆ ಹೇರಿ ಗಿರಾಕಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಗಂಡ ಹೆಂಡಿರ ನಡುವೆ ಅಂಚೆಯವನಾಗಿ ದುಡಿಯುತ್ತೇನೆ. 'ಹೋಗಿ ನಿಮ್ಮಣ್ಣಂಗೆ ಹೇಳು' ಎಂದು ಇವರು, 'ಹೋಗಿ ನಿಮ್ಮತ್ತಿಗೆಗೆ ಹೇಳು' ಎಂದು ಅವನು. ಆ ಹೊತ್ತಿಗೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಮುಂದೆ ನಿಂತಿರುತ್ತಾರೆ.

ಅತ್ತಿಗೆ ದರ್ಜಿಯ ಮಗಳು. ಅವರಪ್ಪನ ಅಂಗಡಿಯೆಂದರೆ ಬೀದಿಗೆ ಬಾಗಿಲು, ಹಿತ್ತಲಿಗೆ ಕಿಟಕಿ ಇದ್ದ ಒಂದೇ ಒಂದು ಕೋಣೆ. ಇಸ್ತ್ರಿ ಮೇಜಿನ ಕೆಳಗೆ ಬಟ್ಟೆ ತುಂಡುಗಳ ರಾಶಿಯ ಮೇಲೆ ನಿದ್ದೆ ಮಾಡಿ ಬೆಳೆದವರು. ಅಕ್ಷರ ತಿದ್ದುವುದಕ್ಕೆ ಮೊದಲೇ ಸೂಜಿಗೆ ದಾರ ಪೋಣಿಸುವುದನ್ನು ಕಲಿತವರು. ಇವತ್ತಿಗೂ ಅವರ ಸೊಂಟದಲ್ಲಿ ಒಂದು ಪುಟ್ಟ ಕತ್ತರಿ ಇದ್ದೇ ಇರುತ್ತದೆ. ಟ್ರ್ಯಾಕ್ಟರು ಓಡಿಸುವಾಗಲೂ ಇರುತ್ತದೆ, ಆಸ್ಪತ್ರೆಗೆ ಹೋದಾಗಲೂ ಇರುತ್ತದೆ. ಯಾರದಾದರೂ ಅಂಗಿಯ ಅಂಚಿನಲ್ಲಿ ದಾರ ನೇತಾಡುತ್ತಿದ್ದರೆ ಅವರಿಗೆ ತಡೆಯುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಹತ್ತಿರ ಬಂದು ಕಚಕ್ಕೆಂದು ಕತ್ತರಿಸಿ, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸುತ್ತಾರೆ. ಒಮ್ಮೆ ಬ್ಯಾಂಕಿನ ಮ್ಯಾನೇಜರರ ತೋಳಿಗೂ ಈ ಗತಿ ಬಂದಿತ್ತು.

ಮದುವೆಯಾಗಿ ಬರುವಾಗ ಅವರು ತಂದದ್ದು ಒಂದು ಹೊಲಿಗೆ ಯಂತ್ರ, ಗುಂಡಿಗಳು ತುಂಬಿದ ಒಂದು ತಗಡಿನ ಡಬ್ಬಿ, ಮತ್ತೆ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು ಹಿಪ್ಪುನೇರಳೆ ಕಡ್ಡಿ. ಅಂಗಡಿಯ ಹಿಂದಿದ್ದ ಮರದಿಂದ ಕತ್ತರಿಸಿದ ಕಡ್ಡಿಗಳು, ಬೆರಳಿಗಿಂತ ತೆಳ್ಳಗಿದ್ದವು. ಅಣ್ಣ ಗೋಣಿ ಬಿಚ್ಚಿ ನೋಡಿ, "ಇದೇನು, ಇಡೀ ಮನೆಗೆ ಹಲ್ಲುಜ್ಜೋ ಕಡ್ಡಿ ತಂದಿದ್ದೀಯಾ?" ಎಂದು ಕೇಳಿದ. ಅವತ್ತೇ ಮೊದಲ ಸಲ ನಮ್ಮ ಯಂತ್ರ ಹೊಳೆದದ್ದು.

ಆ ಕಡ್ಡಿಗಳನ್ನು ಅತ್ತಿಗೆ ದೊಡ್ಡ ಹೊಲದ ಪಡುವಣ ಅಂಚಿಗೆ ಸಾಲಾಗಿ ನೆಟ್ಟರು. ಬೇಸಗೆಯಿಡೀ ಎಣ್ಣೆ ಡಬ್ಬದಲ್ಲಿ ನೀರು ಹೊತ್ತು ಹಾಕಿದರು. ನಾನು ಸಹಾಯ ಮಾಡಿದೆನೇ ಎಂದು ಕೇಳಬೇಡಿ. ಎಲ್ಲಿ ಸತ್ತಿದೆ, ಎಲ್ಲಿ ಚಿಗುರಿದೆ ಎಂದು ತೋರಿಸಿ ಉಪಕಾರ ಮಾಡಿದ್ದೇನೆ. ಈಗ ಅವು ಮರಗಳು. ಹಣ್ಣಿನ ಕಾಲದಲ್ಲಿ ಕೆಳಗೆ ಕೂತವರ ಬಟ್ಟೆಯ ಮೇಲೆಲ್ಲ ನೇರಳೆ ಕಲೆ. ದರ್ಜಿಯ ಮಗಳಾಗಿ ಕಲೆ ಹಿಡಿಸುವ ಮರವನ್ನೇ ಹುಡುಕಿ ನೆಟ್ಟಿರಲ್ಲ ಅತ್ತಿಗೆ ಎಂದು ನಾನು ಕಾಲೆಳೆದರೆ, "ಕಲೆ ಆದ್ರೆ ತಾನೇ ಹೊಸ ಬಟ್ಟೆ ಹೊಲಿಸೋದು? ನಮ್ಮಪ್ಪನ ವ್ಯಾಪಾರ ಬುದ್ಧಿ ಕಣೋ" ಎನ್ನುತ್ತಾರೆ. ಈ ತುದಿಯಿಂದ ಆ ತುದಿಯವರೆಗೆ ಇರುವ ಹೊಲದಲ್ಲಿ ನೆರಳು ಎನ್ನುವುದು ಇರುವುದು ಅಲ್ಲೊಂದೇ ಕಡೆ. ಮಧ್ಯಾಹ್ನದ ಊಟ ಅಲ್ಲಿ, ಅಣ್ಣನ ಗೊರಕೆ ಅಲ್ಲಿ, ನನ್ನ ಸೋಮಾರಿತನವೂ ಅಲ್ಲಿ. ಅತ್ತಿಗೆ ಆ ಕಡೆ ಹಾದು ಹೋಗುವಾಗ ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದೊಂದು ಮರದ ಬೊಡ್ಡೆಯನ್ನೂ ಅಂಗೈಯಿಂದ ತಟ್ಟುತ್ತಾರೆ. ನಾನು ನೋಡಿದ್ದೇನೆ. ಅಣ್ಣನೂ ನೋಡಿರಬೇಕು, ಅವನು ಹೇಳುವವನಲ್ಲ.

ನಾವು ಬೆಳೆಯುವುದು ಕುದುರೆಮೆಂತ್ಯ. ಮೊಣಕಾಲುದ್ದ ಬೆಳೆಯುವ, ಸಣ್ಣ ಎಲೆಯ, ನೇರಳೆ ಹೂವಿನ ಮೇವು. ದನಕ್ಕೂ ಕುದುರೆಗೂ ಪ್ರಾಣ. ಆದರೆ ಒಣಗಿಸುವುದು ಮಾತ್ರ ತಲೆನೋವು. ಎಲೆ ಒಂದೇ ಬಿಸಿಲಿಗೆ ಗರಿಗರಿಯಾಗುತ್ತದೆ, ದಂಟು ಒಳಗೆ ನೀರಿಟ್ಟುಕೊಂಡು ಕೂತಿರುತ್ತದೆ. ದಂಟು ಒಣಗಲಿ ಎಂದು ಕಾದರೆ ಎಲೆ ಪುಡಿಯಾಗಿ ಉದುರಿಹೋಗುತ್ತದೆ. ಎಲೆ ಉಳಿಯಲಿ ಎಂದು ಅವಸರ ಮಾಡಿದರೆ ಪಿಂಡಿಯೊಳಗೆ ದಂಟು ಬೆವೆತು ಬೂಷ್ಟು ಹಿಡಿಯುತ್ತದೆ. ಅದಕ್ಕೇ ನಮ್ಮ ಯಂತ್ರದಲ್ಲಿ ಮುಂದೆ ಕೊಯ್ಯುವ ಕತ್ತಿಗಳಿದ್ದರೆ ಹಿಂದೆ ಎರಡು ರಬ್ಬರಿನ ರೋಲರುಗಳಿವೆ. ಕೊಯ್ದ ಹುಲ್ಲು ಆ ಎರಡರ ನಡುವಿನ ಸಂದಿನಲ್ಲಿ ತೂರಿ ಬರುವಾಗ ದಂಟು ಅಲ್ಲಲ್ಲಿ ಬಿರಿಯುತ್ತದೆ. ಬಿರಿದ ದಂಟು ಎಲೆಯ ಜೊತೆಜೊತೆಗೇ ಒಣಗುತ್ತದೆ. ಸಂದು ಸರಿಯಾಗಿರಬೇಕು, ಅಷ್ಟೇ. ತೀರಾ ಬಿಗಿಯಾದರೆ ಎಲೆ ಜಜ್ಜಿಹೋಗುತ್ತದೆ, ಸಡಿಲವಾದರೆ ದಂಟು ಹೋದ ಹಾಗೇ ಬರುತ್ತದೆ.

ಯಂತ್ರ ಓಡಿಸುವುದು ಅತ್ತಿಗೆ. ಅಣ್ಣ ಒಮ್ಮೆ ಮಣಿಕಟ್ಟು ಮುರಿದುಕೊಂಡು ಕೂತ ಕೊಯ್ಲಿನಲ್ಲಿ ಟ್ರ್ಯಾಕ್ಟರು ಹತ್ತಿದವರು ಮತ್ತೆ ಇಳಿಯಲಿಲ್ಲ. ಹೊಲಿಗೆ ಹಾಕಿದಷ್ಟು ನೇರವಾಗಿ ಸಾಲು ಹೊಡೆಯುತ್ತಾರೆ. ಆದರೆ ಸ್ಪ್ಯಾನರು ಹಿಡಿಯುವುದು ಅಣ್ಣನ ಹಕ್ಕು. ಬಿಗಿ ಮಾಡುವುದು, ಸಡಿಲಿಸುವುದು, ಗ್ರೀಸು ತುಂಬುವುದು, ಎಲ್ಲ ಅವನದೇ. ಅದರಲ್ಲಿ ಯಾರೂ ಮೂಗು ತೂರಿಸುವಂತಿರಲಿಲ್ಲ.

ಈಚಿನ ಕೆಲವು ವರ್ಷಗಳಿಂದ ಹುಲ್ಲು ಸರಿಯಾಗಿ ಒಣಗುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಒಂದು ಕಣ್ಣು ನಿದ್ದೆ ತೆಗೆದು, ಮರದ ಕೆಳಗಿಂದ ಎದ್ದು ಎದುರಿನ ಸಾಲಿನಿಂದ ಒಂದು ಹಿಡಿ ತೆಗೆದುಕೊಂಡು ದಂಟನ್ನು ಉಗುರಿನಿಂದ ಗೀರುತ್ತಿದ್ದೆವು. ಒಣಗಿದ್ದರೆ ಸಿಪ್ಪೆ ಏಳುವುದಿಲ್ಲ. ನಮ್ಮದರಲ್ಲಿ ಪ್ರತಿ ಸಲ ತೆಳ್ಳಗೆ ಹಸಿರು ಸಿಪ್ಪೆ ಏಳುತ್ತಿತ್ತು. ಇನ್ನೊಂದು ದಿನ ಬಿಡೋಣ ಎಂದು ಬಿಟ್ಟರೆ, ಪಿಂಡಿ ಕಟ್ಟುವ ಹೊತ್ತಿಗೆ ನಡುಹೊಲದಲ್ಲಿ ಎಲೆ ಪುಡಿಪುಡಿಯಾಗಿ ಗಾಳಿಗೆ ಹಾರುತ್ತಿತ್ತು. ಅಣ್ಣ ಮರಗಳ ಕಡೆ ಕತ್ತೆತ್ತಿ ನೋಡುತ್ತಿದ್ದ. ಮಧ್ಯಾಹ್ನದ ಮೇಲೆ ಅವುಗಳ ನೆರಳು ಹೊಲದ ಮೇಲೆ ಉದ್ದಕ್ಕೆ ಚಾಚುತ್ತದೆ. ಅಂಚು ಹಸಿ, ನಡು ಪುಡಿ. ಇನ್ನೇನು ಬೇಕು ಸಾಕ್ಷಿಗೆ? ಆದರೂ ಪಾಪ, ಅವನು ಬಾಯಿ ಬಿಡದೆ ಪ್ರತಿ ವರ್ಷವೂ ರೋಲರನ್ನು ಇನ್ನಷ್ಟು ಬಿಗಿ ಮಾಡುತ್ತಾ ಬಂದ.

ಹೋದ ವರ್ಷ ಕುದುರೆ ಲಾಯ ನಡೆಸುವಾಕೆ, ನಾವು ಲಾಯದಮ್ಮ ಎಂದು ಕರೆಯುವವರು, ಒಂದು ಲಾರಿ ಹುಲ್ಲನ್ನು ಹೇಗೆ ಬಂತೋ ಹಾಗೇ ವಾಪಸು ಕಳಿಸಿದರು. ಫೋನಿನಲ್ಲಿ ಬೈಯಲೂ ಇಲ್ಲ. "ಪಿಂಡಿ ಬಿಚ್ಚಿದ್ರೆ ಒಳಗೆ ಬಿಸಿ ಇದೆಯಪ್ಪಾ, ಬೂಷ್ಟು ಬೇರೆ. ನನ್ನ ಕುದುರೆಗಳು ಕೆಮ್ತಾ ಇವೆ," ಎಂದರು. ಬೈದಿದ್ದರೇ ವಾಸಿಯಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಗಂಟಲು ಸರಿಮಾಡಿಕೊಂಡ. ಅತ್ತಿಗೆ ಪಾತ್ರೆ ಉಜ್ಜುತ್ತಿದ್ದರು. ನಾನು ಲೋಟ ಹಿಡಿದು ಮೂಲೆಯಲ್ಲಿದ್ದೆ.

"ನೋಡು, ಇದನ್ನ ಹೇಳ್ಬಾರ್ದು ಅಂತಲೇ ಇಷ್ಟು ದಿನ ಸುಮ್ನಿದ್ದೆ," ಎಂದ ಅಣ್ಣ. "ಆ ಮರಗಳು..."

"ಗೊತ್ತು ರೀ." ಅತ್ತಿಗೆ ತಿರುಗಿ ನೋಡಲಿಲ್ಲ. "ಮರ ನಂದು ಅಂತ ಪ್ರಾಣಿಗಳಿಗೆ ಬೂಷ್ಟು ತಿನ್ನಿಸಕ್ಕಾಗುತ್ತಾ? ಬರೋ ವರ್ಷದ ಮೊದಲನೇ ಕೊಯ್ಲು ನೋಡೋಣ. ಅವಾಗ್ಲೂ ಮರದ ಕೆಳಗೆ ಹಸಿ ಇದ್ರೆ ಕಡಿಸಿಬಿಡಿ. ನಾನೇ ಗರಗಸದಪ್ಪಂಗೆ ಹೇಳ್ತೀನಿ."

ಗರಗಸದಪ್ಪ ಎಂದರೆ ಮರ ಕಡಿಯುವವರು. ಈಗ ಅತ್ತಿಗೆ ಪೈಪು ಹಿಡಿದು ಹೊರಗೆ ಹೋಗುತ್ತಾರೆ ಎಂದು ನಾನು ಕಾದೆ. ಅತ್ತಿಗೆ ಪಾತ್ರೆಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಒಳಕೋಣೆಗೆ ಹೋದರು. ಸಿಟ್ಟು ಮಾಡಿಕೊಂಡಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆ.

ವರ್ಷ ತಿರುಗಿ ಮೊದಲ ಕೊಯ್ಲು ಬಂತು. ಅತ್ತಿಗೆ ಎಂದಿನಂತೆ ಮರಗಳ ಪಕ್ಕದಿಂದ ಶುರುಮಾಡಿ, ಅಂಚನ್ನು ಎಡಕ್ಕೆ ಇಟ್ಟುಕೊಂಡು, ಹೊಲದ ಸುತ್ತ ಸುತ್ತುತ್ತಾ ಒಳಗೊಳಗೆ ಬಂದರು. ಹೊಲದ ಕೆಳತುದಿಯ ಒಂದು ತುಂಡನ್ನು ಆಮೇಲೆ ನೋಡೋಣವೆಂದು ಕೊಯ್ಯದೆ ಬಿಟ್ಟೆವು. ಒಳ್ಳೆಯ ಬಿಸಿಲು ಹೊಡೆಯಿತು. ಮಾರನೆಯ ಮಧ್ಯಾಹ್ನ ಮರದ ಕೆಳಗೆ ಊಟ ಮಾಡಿ ಅತ್ತಿಗೆ ಎದುರಿನ ಸಾಲಿನಿಂದ ಒಂದು ಹಿಡಿ ತೆಗೆದರು. ಗೀರಿದರು. ಸಿಪ್ಪೆ ಎದ್ದಿತು.

"ಹಸಿ," ಎಂದರು. ಅಷ್ಟೇ. ಫೋನು ತೆಗೆದು ಗರಗಸದಪ್ಪನಿಗೆ ನಾಳೆ ಮಧ್ಯಾಹ್ನದ ಮೇಲೆ ಬನ್ನಿ ಎಂದರು.

ಮರುದಿನ ಮೋಡ. ಮಳೆ ಹೊತ್ತ ಮೋಡವಲ್ಲ, ಆಕಾಶಕ್ಕೆಲ್ಲ ಮಾಸಲು ಬೆಡ್‌ಶೀಟು ಹೊದಿಸಿದ ಹಾಗೆ ಬೆಳ್ಳಗಿನ ಮೋಡ. ಗಾಳಿ ಮಾತ್ರ ಚೆನ್ನಾಗಿತ್ತು. ಅಣ್ಣ ಪೇಟೆಗೆ ಹೋಗಿದ್ದ, ಬರುವಾಗ ಗರಗಸದಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರುವವನಿದ್ದ. ಊಟದ ಹೊತ್ತಿಗೆ ನಾನು ಅಭ್ಯಾಸಬಲದಿಂದ ಮರಗಳ ಕಡೆ ಹೆಜ್ಜೆ ಹಾಕಿದೆ. ಅತ್ತಿಗೆ ಬರಲಿಲ್ಲ.

"ಇವತ್ತು ಅಲ್ಲಿ ಕೂತು ಊಟ ಮಾಡಕ್ಕೆ ನನ್ನ ಕೈಲಾಗಲ್ಲ ಕಣೋ," ಎಂದರು. "ಹೇಗೂ ಬಿಸಿಲಿಲ್ಲ. ಇಲ್ಲೇ ಕೂತ್ಕೊಳ್ಳೋಣ ಬಾ."

ಹೊಲದ ನಟ್ಟನಡುವೆ, ಎರಡು ಸಾಲುಗಳ ನಡುವಿನ ಜಾಗದಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿಂದ ನೋಡಿದರೆ ಮರಗಳು ಬಾಚಣಿಗೆಯ ಹಲ್ಲಿನಷ್ಟು ಚಿಕ್ಕದಾಗಿ ಕಾಣುತ್ತಿದ್ದವು. ಒಂದೆರಡು ಸಮಾಧಾನದ ಮಾತಾಡಬೇಕು ಎಂದು ನನಗೂ ಅನಿಸಿತು. ಬಾಯಿಗೆ ಬಂದದ್ದೆಲ್ಲ ಪೆದ್ದುಪೆದ್ದಾಗಿತ್ತು, ನುಂಗಿಕೊಂಡೆ. ಅತ್ತಿಗೆ ಕೈ ತೊಳೆದು, ಯಾವತ್ತಿನ ಚಾಳಿಯಂತೆ ಪಕ್ಕದ ಸಾಲಿಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡು, ನೋಡದೆಯೇ ಉಗುರಿನಿಂದ ಗೀರಿದರು.

ಆಮೇಲೆ ನೋಡಿದರು.

"ಇದೇನೋ ಇದು, ಇಲ್ಲೂ ಹಸಿ?"

"ಹಸಿನಾ? ಇಲ್ಲಿ ಯಾಕೆ ಹಸಿ ಇರುತ್ತೆ? ಇಲ್ಲಿಗೆ ನೆರಳು ಎಲ್ಲಿಂದ ಬರ್ಬೇಕು?"

ಅವರು ನನ್ನ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಡಿಯೂರಿ ಅದೇ ಸಾಲಿನ ಆಚೆ ಮಗ್ಗುಲಿಗೆ ಕೈ ಚಾಚಿ ಇನ್ನೊಂದು ಹಿಡಿ ತೆಗೆದರು. ಹಿಡಿಯುತ್ತಲೇ ಎಲೆಯೆಲ್ಲ ಪುಡಿಯಾಗಿ ಬೆರಳ ಸಂದಿಯಿಂದ ಉದುರಿತು, ಕೈಯಲ್ಲಿ ಜಜ್ಜಿದ ಕಡ್ಡಿಗಳಷ್ಟೇ ಉಳಿದವು. ಒಂದೇ ಸಾಲು. ಎಡಗಡೆ ಮಗ್ಗುಲು ಹಸಿ, ಬಲಗಡೆ ಮಗ್ಗುಲು ಪುಡಿ. ಅತ್ತಿಗೆ ಎದ್ದು ಮುಂದಿನ ಸಾಲಿಗೆ ಹೋದರು. ಅಲ್ಲೂ ಹಾಗೇ. ಅದರ ಮುಂದಿನದಕ್ಕೆ ಹೆಚ್ಚುಕಮ್ಮಿ ಓಡಿಯೇ ಹೋದರು. ಅಲ್ಲೂ ಹಾಗೇ. ನಾನು ಬುತ್ತಿ ಡಬ್ಬಿ ಹಿಡಿದು ಅವರ ಹಿಂದೆ ಬಾಲದಂತೆ ತಿರುಗಿದೆ. ಕೊನೆಗೆ ಅವರು ಗಕ್ಕನೆ ನಿಂತು ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಾವು ಹುಲ್ಲು ಒಣಗಿದ್ಯಾ ಅಂತ ಎಲ್ಲಿ ನೋಡ್ತಾ ಇದ್ವಿ?"

"ಮರದ ಕೆಳಗೆ."

"ಯಾಕೆ ಅಲ್ಲೇ ನೋಡ್ತಾ ಇದ್ವಿ?"

ನಾನು ಯೋಚಿಸಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ: "ಅಲ್ಲಿ ನೆರಳಿತ್ತಲ್ಲ ಅತ್ತಿಗೆ. ಬಿಸಿಲಲ್ಲಿ ಯಾರು ಇಲ್ಲೀವರ್ಗೂ ನಡೀತಾರೆ?"

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಮೊದಲು ತುಟಿ ಅದುರಿತು. ಆಮೇಲೆ ಹೊಲದ ನಡುವೆ, ಹುಲ್ಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದೊಂದೇ ಅಲ್ಲ ಎಂದು ನನಗೂ ಗೊತ್ತಾಯಿತು. ನೆರಳಲ್ಲಿ ಕೂತು ಉಂಡು, ನೆರಳಲ್ಲಿ ಮಲಗಿ, ಕೈಗೆಟುಕಿದ ಹುಲ್ಲನ್ನು ಅಲ್ಲೇ ಗೀರಿ ನೋಡಿ, ತಪ್ಪನ್ನೆಲ್ಲ ನೆರಳಿನ ತಲೆಗೆ ಕಟ್ಟಿದ್ದೆವು. ಇಷ್ಟು ಚೆಂದದ ಉಪಕಾರ ಸ್ಮರಣೆಯನ್ನು ನಮ್ಮ ಮನೆಯವರು ಬಿಟ್ಟರೆ ಇನ್ಯಾರೂ ಮಾಡಲಾರರು.

"ಎದ್ದೇಳು," ಎಂದರು, ಕಣ್ಣೊರೆಸಿಕೊಂಡು. ನಾನು ನಿಂತೇ ಇದ್ದೆ. "ಯಂತ್ರದ ಹತ್ರ ನಡಿ. ಬುತ್ತಿ ಸುತ್ತಿದ್ದ ಫಾಯಿಲ್ ಕಾಗದ ಎಸೀಬೇಡ."

ಯಂತ್ರ ಕೊಯ್ಯದೆ ಬಿಟ್ಟ ತುಂಡಿನ ಪಕ್ಕದಲ್ಲಿ ನಿಂತಿತ್ತು. ಅತ್ತಿಗೆ ಟ್ರ್ಯಾಕ್ಟರಿನ ಕೀಲಿ ತೆಗೆದು ಕತ್ತರಿಯ ಪಕ್ಕಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡರು. ಕೀಲಿ ಅಲ್ಲಿಗೆ ಸೇರುವವರೆಗೆ ರೋಲರಿನ ಹತ್ತಿರ ಯಾರ ಬೆರಳೂ ಹೋಗಕೂಡದು ಎನ್ನುವುದು ಅವರ ಕಟ್ಟಪ್ಪಣೆ. ಫಾಯಿಲ್ ಕಾಗದದಿಂದ ಮೂರು ತುಂಡು ಹರಿದು, ಒಂದೊಂದನ್ನೂ ಬೆರಳಿನ ದಪ್ಪಕ್ಕೆ ಸಡಿಲವಾಗಿ ಸುರುಳಿ ಸುತ್ತಿದರು. ರೋಲರುಗಳ ಎಡತುದಿಗೆ ಒಂದು, ನಡುವೆ ಒಂದು, ಬಲತುದಿಗೆ ಒಂದು ಇಟ್ಟರು. ನಾನು ರೋಲರು ತಿರುಗಿಸುವ ಪಕ್ಕದ ಚಕ್ರ ಹಿಡಿದು ಉಸಿರುಗಟ್ಟಿ ತಿರುಗಿಸಿದೆ. ಸುರುಳಿಗಳು ಒಳಗೆ ಹೋಗಿ ಆಚೆ ಬಿದ್ದವು.

ಬಲಗಡೆಯದು ಕಾಗದಕ್ಕಿಂತ ತೆಳ್ಳಗೆ ಅಪ್ಪಚ್ಚಿಯಾಗಿತ್ತು. ನಡುವಿನದು ಅರೆಬರೆ ಚಪ್ಪಟೆ. ಎಡಗಡೆಯದು ಹೇಗೆ ಹೋಗಿತ್ತೋ ಹಾಗೇ ದುಂಡಗೆ ಈಚೆ ಬಂದಿತ್ತು.

"ಹೊಲಿಗೆ ಯಂತ್ರದಲ್ಲೂ ಹಿಂಗೇ ಆಗೋದು," ಎಂದರು ಅತ್ತಿಗೆ, ಮೂರನ್ನೂ ಅಂಗೈಯಲ್ಲಿ ಸಾಲಾಗಿ ಇಟ್ಟುಕೊಂಡು. "ಒಂದು ಕಡೆ ಒತ್ತು ಜಾಸ್ತಿ, ಒಂದು ಕಡೆ ಕಮ್ಮಿ ಆದ್ರೆ ಬಟ್ಟೆ ಸೊಟ್ಟಗೆ ಎಳೆಯುತ್ತೆ. ಆದ್ರೆ ಇದು ಇಷ್ಟೊಂದು ಹೇಗೆ ಓರೆ ಆಯ್ತು? ನಿಮ್ಮಣ್ಣ ವರ್ಷಾ ವರ್ಷಾ ಬಿಗಿ ಮಾಡ್ತಾರಲ್ಲ?"

ಹೌದಲ್ಲ ಎಂದು ನಾನು ನಮ್ಮ ಶೆಡ್ಡನ್ನು ಕಣ್ಣಮುಂದೆ ತಂದುಕೊಂಡೆ. ಬಾಗಿಲ ಬಲಕ್ಕೆ ಅಣ್ಣನ ಬೈಕು. ನಡುವೆ ಟ್ರ್ಯಾಕ್ಟರು. ಎಡಕ್ಕೆ, ಗೋಡೆಗೆ ಒತ್ತಿಕೊಂಡು ಈ ಯಂತ್ರ. ಅದರ ಎಡಮಗ್ಗುಲಿಗೂ ಗೋಡೆಗೂ ನಡುವೆ ಒಂದು ಬೆಕ್ಕು ನುಸುಳಬಹುದು, ಅಷ್ಟೇ ಜಾಗ. ಅಣ್ಣನ ಹೊಟ್ಟೆಯನ್ನು ನೋಡಿದವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬೈಕಿನ ಸದ್ದು ಕೇಳಿತು. ಅಣ್ಣನ ಹಿಂದೆ ಗರಗಸದಪ್ಪ, ಅವರ ಹೆಗಲ ಮೇಲೆ ಗೋಣಿ ಸುತ್ತಿದ ಗರಗಸ. ಎತ್ತರದ ಆಳು, ಮಾತು ಮಾತ್ರ ಮಗುವಿನಷ್ಟು ಮೆತ್ತಗೆ.

"ನಮಸ್ಕಾರ ಅಕ್ಕಾ," ಎಂದರು. "ಯಾವ ತುದಿಯಿಂದ ಶುರು ಮಾಡ್ಲಿ?"

"ಸ್ವಲ್ಪ ಕೂತ್ಕೊಳ್ಳಿ," ಎಂದು ಅತ್ತಿಗೆ ಅಣ್ಣನ ಕಡೆ ತಿರುಗಿದರು. "ರೀ, ಈ ರೋಲರನ್ನ ನೀವು ಬಿಗಿ ಮಾಡೋದು ಯಾವ ಕಡೆಯಿಂದ?"

"ಯಾವ ಕಡೆ ಅಂದ್ರೆ? ಬೋಲ್ಟು ಇರೋ ಕಡೆಯಿಂದ."

"ಬೋಲ್ಟು ಎರಡು ಕಡೇನೂ ಇದೆಯಲ್ಲ."

ಅಣ್ಣ ಯಂತ್ರವನ್ನು ನೋಡಿದ. ಅತ್ತಿಗೆ ಅಂಗೈ ಚಾಚಿ ಮೂರು ಸುರುಳಿಗಳನ್ನು ತೋರಿಸಿದರು. ಅವನು ಅಪ್ಪಚ್ಚಿಯಾದದ್ದನ್ನು ನೋಡಿದ, ದುಂಡಗಿದ್ದದ್ದನ್ನು ನೋಡಿದ, ಮತ್ತೆ ಯಂತ್ರವನ್ನು ನೋಡಿದ. ಹುಲ್ಲು ಹಸಿ ಇದೆಯೆಂದು ಇಷ್ಟು ವರ್ಷ ತಾನು ಬಿಗಿ ಮಾಡುತ್ತಾ ಬಂದದ್ದು ಮೊದಲೇ ಬಿಗಿಯಿದ್ದ ಮಗ್ಗುಲನ್ನು ಎನ್ನುವುದು ಅವನ ತಲೆಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಕಿವಿ ಕೆಂಪಾದವು.

"ಕೈಗೆ ಎಟುಕೋ ಕಡೆ ಮಾಡಿದ್ದೀನಿ," ಎಂದ, ಬಹಳ ಸಣ್ಣ ದನಿಯಲ್ಲಿ.

ಗರಗಸದಪ್ಪ ಕಿಸಕ್ಕನೆ ನಕ್ಕು, ತಕ್ಷಣ ಕೆಮ್ಮಿನಂತೆ ಮಾಡಿಕೊಂಡರು. ಅತ್ತಿಗೆ ನಗಲಿಲ್ಲ. ನಾನು ನಗಲು ಬಾಯಿ ತೆರೆದಾಗ ನನ್ನ ಕಾಲನ್ನು ತುಳಿದರು. "ನಾವೂ ಕೈಗೆ ಎಟುಕೋ ಕಡೆನೇ ಹುಲ್ಲು ನೋಡಿದ್ವಿ ಬಿಡಿ," ಎಂದರು ಅಣ್ಣನಿಗೆ. "ಈಗ ಎರಡೂ ಕಡೆ ಸಮ ಮಾಡೋಣ. ಸಂದು ಎಷ್ಟಿರ್ಬೇಕು?"

"ದಂಟು ಬಿರೀಬೇಕು, ಎಲೆ ಜಜ್ಜಬಾರ್ದು. ದಂಟಿಗಿಂತ ಒಂಚೂರು ಕಮ್ಮಿ," ಎಂದ ಅಣ್ಣ. ಕೆಲಸದ ಮಾತು ಬಂದಾಗ ಅವನ ದನಿಗೆ ಜೀವ ಬಂತು. "ಆದ್ರೆ ಅಳತೆಗೆ ಏನಾದ್ರೂ ಬೇಕಲ್ಲ. ಎರಡು ಕಡೆಗೂ ಒಂದೇ ಅಳತೆ."

ಅತ್ತಿಗೆ ಒಂದು ದಂಟನ್ನು ಎರಡು ಬೆರಳ ನಡುವೆ ಉರುಳಿಸುತ್ತಾ ಅವನನ್ನೇ ನೋಡಿದರು. ಅವನನ್ನಲ್ಲ, ಅವನ ಅಂಗಿಯನ್ನು. ಸೊಂಟದಿಂದ ಕತ್ತರಿ ಈಚೆ ಬಂತು.

"ಅಲ್ಲಾಡ್ಬೇಡಿ," ಎಂದರು.

"ಏಯ್, ಏನು ಮಾಡ್ತೀಯಾ? ಪೇಟೆಗೆ ಹಾಕ್ಕೊಂಡು ಹೋಗೋ ಅಂಗಿ ಕಣೇ ಇದು!"

ಕಚಕ್. ಹೊಟ್ಟೆಯ ಮೇಲೆ ಅತ್ಯಂತ ಕಷ್ಟಪಟ್ಟು ಕೆಲಸ ಮಾಡುತ್ತಿದ್ದ ಗುಂಡಿ ಅತ್ತಿಗೆಯ ಅಂಗೈಗೆ ಬಂತು. ಅದರ ಅಂಚನ್ನು ದಂಟಿನ ಪಕ್ಕಕ್ಕೆ ಹಿಡಿದು ದಪ್ಪ ನೋಡಿದರು. ದಂಟಿಗಿಂತ ಒಂಚೂರು ಕಮ್ಮಿ.

ಆಮೇಲೆ ಇಬ್ಬರೂ ಯಂತ್ರದ ಎರಡು ಮಗ್ಗುಲಿಗೆ ಕೂತರು. ಗೋಡೆಯಿಲ್ಲದ ಬಯಲಿನಲ್ಲಿ ಅಣ್ಣ ಮೊದಲ ಸಲ ಎಡಗಡೆಯ ಬೋಲ್ಟಿಗೆ ಸ್ಪ್ಯಾನರು ಹಾಕಿದ. ವರ್ಷಗಟ್ಟಲೆ ತಿರುಗದೆ ಕಚ್ಚಿಕೊಂಡು ಕೂತಿದ್ದ ಅದು ಬೈಗುಳ ತಿನ್ನದೆ ಅಲ್ಲಾಡಲಿಲ್ಲ. ಬಲಗಡೆ ಸಡಿಲಿಸುವುದು, ಎಡಗಡೆ ಬಿಗಿಸುವುದು, ಗುಂಡಿಯನ್ನು ಸಂದಿನಲ್ಲಿ ಇಟ್ಟು ನೋಡುವುದು. ನಾನು ಗುಂಡಿಯನ್ನು ಆ ಕಡೆಯಿಂದ ಈ ಕಡೆಗೆ ಒಯ್ಯುತ್ತಾ ನನ್ನ ಹಳೆಯ ಅಂಚೆ ಕೆಲಸವನ್ನೇ ಮಾಡಿದೆ. "ನಿಮ್ಮಣ್ಣಂಗೆ ಹೇಳು, ಇನ್ನೊಂದು ಎಳೆ ಸಾಕು." "ನಿಮ್ಮತ್ತಿಗೆಗೆ ಹೇಳು, ನಂಗೂ ಕಣ್ಣಿದೆ." ಗುಂಡಿ ಎರಡೂ ತುದಿಯಲ್ಲಿ ಒಂದೇ ಹದದಲ್ಲಿ, ತಡೆಯದೆ, ಅಲುಗದೆ ತೂರಿದಾಗ ಸ್ಪ್ಯಾನರು ಕೆಳಗಿಟ್ಟರು. ಫಾಯಿಲ್ ಕಾಗದದಲ್ಲಿ ಉಳಿದಿದ್ದ ಚೂರುಗಳನ್ನು ಸುತ್ತಿ ಮತ್ತೆ ತೂರಿಸಿದೆವು. ಮೂರೂ ಅಕ್ಕತಂಗಿಯರಂತೆ ಒಂದೇ ತೆರನಾಗಿ ಈಚೆ ಬಂದವು.

ಬಿಟ್ಟಿದ್ದ ಕೆಳಗಿನ ತುಂಡನ್ನು ಅತ್ತಿಗೆ ಆಗಲೇ ಕೊಯ್ದರು. ಅದೂ ಒಂದು ಕಡೆ ಮರಗಳಿಗೆ ತಾಗಿಕೊಂಡೇ ಇದೆ. ಹಿಂದೆ ಬಿದ್ದ ಹುಲ್ಲನ್ನು ಅಣ್ಣ ಎಡದಿಂದ ಒಂದು ಹಿಡಿ, ಬಲದಿಂದ ಒಂದು ಹಿಡಿ ಎತ್ತಿಕೊಂಡು ನೋಡಿದ. ದಂಟುಗಳು ಅಲ್ಲಲ್ಲಿ ಬಿರಿದಿದ್ದವು, ಎಲೆ ಹಸುರಾಗಿ ಹಾಗೇ ಅಂಟಿಕೊಂಡಿತ್ತು. ಯಾವ ಕೈಯಲ್ಲಿರುವುದು ಯಾವ ಕಡೆಯದು ಎಂದು ಅವನಿಗೇ ಮರೆತುಹೋಯಿತು.

"ಹಾಗಾದ್ರೆ ನಾನು ಹೊರಡ್ಲಾ?" ಎಂದರು ಗರಗಸದಪ್ಪ, ಮರದ ಕೆಳಗಿಂದಲೇ. ಅಷ್ಟು ಹೊತ್ತು ಅಲ್ಲಿ ತಂಪಾಗಿ ಕೂತು ಇಡೀ ನಾಟಕ ನೋಡಿದ್ದರು.

"ಇದು ಒಣಗೋ ದಿನ ಇನ್ನೊಂದ್ಸಲ ಬನ್ನಿ," ಎಂದರು ಅತ್ತಿಗೆ. "ಕೊಯ್ದಿದ್ದು ನೋಡಿ ಏನು ಹೇಳಕ್ಕಾಗುತ್ತೆ? ಒಣಗಿದ್ಮೇಲೇ ಗೊತ್ತಾಗೋದು."

ನನಗೆ ಪಿತ್ತ ನೆತ್ತಿಗೇರಿತು. "ಕಳ್ಳ ಸಿಕ್ಕಾಯ್ತಲ್ಲ ಅತ್ತಿಗೆ! ಮತ್ತೆ ಯಾಕೆ ಇವ್ರನ್ನ ಕರೀತೀರಾ?"

"ಮರದ ಕೆಳಗೆ ಹಸಿ ಇದ್ರೆ ಕಡಿಸಿ ಅಂತ ಹೇಳಿದ್ದು ನಾನು. ಒಣಗಿದ್ರೆ ಉಳಿಯುತ್ತೆ," ಎಂದರು. ಈ ಹೆಂಗಸಿನ ನ್ಯಾಯವೂ ಅವರ ಸಾಲಿನ ಹಾಗೆ, ಒಂದು ನೂಲು ಆಚೆಗಿಲ್ಲ, ಈಚೆಗಿಲ್ಲ. ಇಂಥವರ ಜೊತೆ ಬದುಕುವುದು ಸುಲಭವಲ್ಲ ಸ್ವಾಮಿ.

ಮೋಡ ಹರಿದು ಮತ್ತೆ ಬಿಸಿಲು ಬಂತು. ಹೇಳಿದ ದಿನ ಮಧ್ಯಾಹ್ನ ನಾಲ್ವರೂ ಹೊಲಕ್ಕೆ ಇಳಿದೆವು. ಆ ತುಂಡಿನ ನಟ್ಟನಡುವಿನಿಂದ ಶುರುಮಾಡಿದೆವು. ನೆತ್ತಿ ಸುಡುತ್ತಿತ್ತು, ನಾನು ಗೊಣಗಿದೆ, ಯಾರೂ ಕೇಳಲಿಲ್ಲ. ಅತ್ತಿಗೆ ಸಾಲಿನ ಈ ಮಗ್ಗುಲಿಂದ, ಆ ಮಗ್ಗುಲಿಂದ ಹಿಡಿಹಿಡಿಯಾಗಿ ತೆಗೆದು ಗೀರಿದರು. ಎಲ್ಲೂ ಸಿಪ್ಪೆ ಏಳಲಿಲ್ಲ. ಎಲೆ ಉದುರಲಿಲ್ಲ. ಹುಲ್ಲು ಚಹಾಪುಡಿಯ ಹಾಗೆ ಘಮ್ಮೆನ್ನುತ್ತಿತ್ತು. ಅಣ್ಣ ನಡುವೆ ಪಿನ್ನು ಚುಚ್ಚಿದ ಅಂಗಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದ. ಗುಂಡಿ ಅವನಿಗೆ ವಾಪಸು ಸಿಕ್ಕಿರಲಿಲ್ಲ. ದಾರಕ್ಕೆ ಕಟ್ಟಿ ಅತ್ತಿಗೆ ಅದನ್ನು ಯಂತ್ರದ ಮೈಗೆ ನೇತುಹಾಕಿದ್ದರು.

ಹಾಗೇ ಒಂದೊಂದು ಸಾಲು ದಾಟುತ್ತಾ ಮರಗಳ ಕೆಳಗೆ ಬಂದೆವು. ಕೊನೆಯ ಸಾಲಿನ ಮೇಲೆ ಆಗಲೇ ನೆರಳು ಬಿದ್ದಿತ್ತು. ಅತ್ತಿಗೆ ಬಗ್ಗಿ ಒಂದು ಹಿಡಿ ತೆಗೆದರು. ಒಂದು ದಂಟು ಗೀರಿದರು. ಇನ್ನೊಂದು ಗೀರಿದರು. ನಾನು ಅವರ ಭುಜದ ಮೇಲಿಂದ ಇಣುಕಿದೆ. ಮೊದಲಿನಷ್ಟಲ್ಲ, ಆದರೂ ಉಗುರಿನ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಸಿಪ್ಪೆ ಎದ್ದಿತ್ತು.

ನಾನಾಗಿದ್ದರೆ ತುಟಿ ಪಿಟಕ್ಕೆನ್ನದೆ ಆ ಹಿಡಿಯನ್ನು ಕೆಳಕ್ಕೆ ಬಿಟ್ಟು ಮುಂದೆ ನಡೆಯುತ್ತಿದ್ದೆ. ದಯವಿಟ್ಟು ಬಿಟ್ಟುಬಿಡಿ ಅತ್ತಿಗೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲಿ ಇನ್ನೂ ಒಂಚೂರು ಹಸಿ ಇದೆ," ಎಂದರು ಅವರು, ಎಲ್ಲರಿಗೂ ಕೇಳುವಂತೆ. "ಯಂತ್ರದ ತಪ್ಪು ದೊಡ್ಡದು, ನಿಜ. ಆದ್ರೆ ನೆರಳಿಂದೂ ಸ್ವಲ್ಪ ಇದೆ. ಇಲ್ಲ ಅಂತ ಸುಳ್ಳು ಹೇಳಕ್ಕಾಗಲ್ಲ."

ಗರಗಸದಪ್ಪ ಯಾರ ಮುಖವನ್ನೂ ನೋಡದೆ ಹೆಗಲಿನ ಗೋಣಿಯನ್ನು ಸರಿಮಾಡಿಕೊಂಡರು. ಅಣ್ಣ ಅತ್ತಿಗೆಯ ಕೈಯಿಂದ ದಂಟುಗಳನ್ನು ತೆಗೆದುಕೊಂಡ. ತಾನೂ ಒಂದು ಗೀರಿದ. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. ಆಮೇಲೆ ತಲೆಯೆತ್ತಿ ಮರಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಹೂಂ, ಹಸಿ ಇದೆ," ಎಂದ. "ಉಳಿದಿದ್ದೆಲ್ಲ ಇವತ್ತು ಪಿಂಡಿ ಕಟ್ಟೋಣ. ಈ ಒಂದು ಸಾಲನ್ನ ನಾಳೆ ಕಟ್ಟೋಣ."

"ನಾಳೆ?" ಎಂದರು ಅತ್ತಿಗೆ. "ಪ್ರತಿ ಕೊಯ್ಲಲ್ಲೂ ಇದೊಂದು ಸಾಲಿಗೋಸ್ಕರ ಒಂದಿನ ಕಾಯ್ತಾ ಕೂತ್ಕೊಳ್ತೀರಾ?"

"ಕೂತ್ಕೋತೀನಿ."

"ಹಾಗಾದ್ರೆ ಮರ?" ಎಂದು ಗರಗಸದಪ್ಪ ಮೆಲ್ಲಗೆ ಕೇಳಿದರು.

ಅಣ್ಣ ಹೆಗಲ ಮೇಲಿನ ಟವೆಲನ್ನು ಕೊಡವಿ, ಅತ್ತಿಗೆ ತಟ್ಟುತ್ತಾ ಹೋಗುವ ಸಾಲಿನ ಮೊದಲನೆಯ ಮರದ ಬುಡದಲ್ಲಿ ಹಾಸಿ, ಹೊಟ್ಟೆ ಸಂಭಾಳಿಸಿಕೊಂಡು ಕೂತ. "ಮರ ಇಲ್ದೇ ಇದ್ರೆ ಕಾಯೋದು ಎಲ್ಲಿ ಕೂತ್ಕೊಂಡು?" ಎಂದ. ಆಮೇಲೆ, ಯಾವ ಅಂಚೆಯವನ ಸಹಾಯವೂ ಇಲ್ಲದೆ, ನೇರವಾಗಿ ಅತ್ತಿಗೆಗೇ ಹೇಳಿದ: "ಬಾ, ಕೂತ್ಕೋ. ಬಿಸಿಲಲ್ಲಿ ಸುತ್ತಿದ್ದೀಯಾ."

ಅತ್ತಿಗೆ ಹೋಗಿ ಅವನ ಪಕ್ಕದಲ್ಲಿ ಕೂತರು. ಗರಗಸದಪ್ಪ ಅತ್ತಿತ್ತ ನೋಡಿ, ಗರಗಸವನ್ನು ಹುಲ್ಲಿನ ಮೇಲಿಟ್ಟು, ತಾವೂ ಇನ್ನೊಂದು ಮರಕ್ಕೆ ಒರಗಿಕೊಂಡರು. ಆ ಸಂಜೆ ಶೆಡ್ಡಿಗೆ ಹೋದಾಗ ಅಣ್ಣನ ಬೈಕು ಹೊರಗೆ ನಿಂತಿತ್ತು, ಯಂತ್ರ ಗೋಡೆಯಿಂದ ದೂರ, ನಡುವಿಗೆ ಬಂದಿತ್ತು. ಮೈತುಂಬ ಹುಲ್ಲಿನ ಕಡ್ಡಿ ಅಂಟಿಕೊಂಡಿದ್ದ ಅದನ್ನು ತೊಳೆಯುವಷ್ಟು ಸಿಟ್ಟು ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಪೈಪು ಹಿಡಿಯುವ ಕೆಲಸ ನನ್ನ ಪಾಲಿಗೇ ಬಂತು.